ಶೆಫೀಲ್ಡ್ ಚಾಕುವೂ ನಮ್ಮ ಬೀಗತನವೂ

ಐವತ್ತು ದಾಟಿದ ಗಂಡಸಿನ ಬಳಿ ಹೆಂಡತಿಗೆ ಅರ್ಥವಾಗದ ವಸ್ತು ಒಂದಾದರೂ ಇರಬೇಕು ಎಂಬುದು ನನ್ನ ನಂಬಿಕೆ. ಇಲ್ಲದಿದ್ದರೆ ಮನೆಯಲ್ಲಿ ಅವನ ಬಗ್ಗೆ ಮಾತಾಡಲು ಯಾರಿಗೂ ಏನೂ ಉಳಿದಿರುವುದಿಲ್ಲ. ಹ್ಯೂಸ್ಟನ್ ಹೊರವಲಯದ ಫುಲ್‌ಶೀರ್‌ನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿಕೊಂಡಿರುವ ನನ್ನ ಗೆಳೆಯನೊಬ್ಬ ಗ್ಯಾರೇಜಿನ ತುಂಬ ಹಳೆಯ ರೇಡಿಯೊಗಳನ್ನು ಪೇರಿಸಿಟ್ಟಿದ್ದಾನೆ. ಅವುಗಳಲ್ಲಿ ಒಂದೂ ಹಾಡುವುದಿಲ್ಲ, ಅವನ ಎರಡು ಕಾರುಗಳು ಮಾತ್ರ ಬಿಸಿಲಲ್ಲಿ ಬೇಯುತ್ತವೆ. ಇನ್ನೊಬ್ಬರು ಹೃದ್ರೋಗದ ಡಾಕ್ಟರು. ಅವರು ಮೂರು ಬಗೆಯ ಟ್ರೆಡ್‌ಮಿಲ್ ಇಟ್ಟುಕೊಂಡು ಅವುಗಳ ಮೇಲೆ ಪಂಚೆ ಒಣಗಿಸುತ್ತಾರೆ. ನನ್ನದು ಚಾಕು.

ಚಾಕು ಎಂದಾಕ್ಷಣ ನೀವು ಅಂದುಕೊಳ್ಳುವಂಥದ್ದಲ್ಲ ಇದು. ತರಕಾರಿ ಹೆಚ್ಚುವುದಲ್ಲ, ಸಿನಿಮಾದ ಖಳನಾಯಕ ಮಸೆಯುವುದೂ ಅಲ್ಲ. ಮಡಚಿ ಜೇಬಿನಲ್ಲಿಟ್ಟುಕೊಳ್ಳುವ, ಇಂಗ್ಲೆಂಡಿನ ಶೆಫೀಲ್ಡ್ ಊರಿನಲ್ಲಿ ಕೈಯಲ್ಲೇ ತಯಾರಾಗುವ ಪುಟ್ಟ ಚಾಕು. ನಾನು ಹ್ಯೂಸ್ಟನ್ನಿನದೇ ಕ್ಲಿಯರ್ ಲೇಕ್‌ನ ಕಂಪನಿಯೊಂದರಲ್ಲಿ ಲೋಹದ ಎಂಜಿನಿಯರು. ಎಲ್ಲಿ ಬಿರುಕು ಬಿಡುತ್ತದೆ, ಎಲ್ಲಿ ತುಕ್ಕು ಹಿಡಿಯುತ್ತದೆ ಎಂದು ಹುಡುಕುವುದೇ ನನ್ನ ಹೊಟ್ಟೆಪಾಡು. ಆಫೀಸಿನವರು ಒಮ್ಮೆ ಉಕ್ಕಿನ ಕೆಲಸದ ಮೇಲೆ ನನ್ನನ್ನು ಶೆಫೀಲ್ಡಿಗೆ ಕಳಿಸಿದ್ದರು. ಅಲ್ಲಿ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಇಳಿವಯಸ್ಸಿನ ಒಬ್ಬಾತ ಅಲಗನ್ನು ಮಸೆದು, ಹಿಂದೆ ಒಂದು ಸ್ಪ್ರಿಂಗ್ ಕೂರಿಸಿ, ಜಿಂಕೆ ಕೊಂಬಿನ ಹಿಡಿ ತೊಡಿಸಿ, ಕಿವಿಯ ಹತ್ತಿರ ಹಿಡಿದು ತೆಗೆದು ಮುಚ್ಚಿದ. ‘ಟಕ್’ ಎಂದಿತು. ಆತ ಮುಖ ಸಿಂಡರಿಸಿ ಸ್ಪ್ರಿಂಗನ್ನು ಬಿಚ್ಚಿ, ಇನ್ನಷ್ಟು ಉಜ್ಜಿ, ಮತ್ತೆ ಕೂರಿಸಿ ಮುಚ್ಚಿದ. ಈ ಸಲವೂ ‘ಟಕ್’ ಎಂದೇ ಅಂದಿತು. ನನಗೇನೂ ವ್ಯತ್ಯಾಸ ಗೊತ್ತಾಗಲಿಲ್ಲ. ಆದರೆ ಆತನ ಮುಖದಲ್ಲಿ, ಮಗು ಮೊದಲ ಮಾತಾಡಿದಾಗ ತಂದೆಯ ಮುಖದಲ್ಲಿ ಕಾಣುವಂಥದ್ದೊಂದು ಬೆಳಕು ಬಂತು. ನಾನು ಕೆಟ್ಟಿದ್ದು ಅಲ್ಲೇ.

ಆಮೇಲೆ ಒಂದೊಂದಾಗಿ ಬಂದವು. ಎಮ್ಮೆ ಕೊಂಬಿನ ಹಿಡಿಯದು, ಮುತ್ತಿನ ಚಿಪ್ಪಿನದು, ಪೆನ್ಸಿಲ್ ಕೆತ್ತುವಷ್ಟೇ ಯೋಗ್ಯತೆಯ ಎರಡಲಗಿನದು. ಕಾಲುಚೀಲದ ಡ್ರಾಯರಿನಲ್ಲಿ ಕಾಲುಚೀಲಕ್ಕೆ ಜಾಗವಿಲ್ಲದಂತಾಯಿತು. ಅವುಗಳಲ್ಲಿ ಒಂದರ ಅಲಗಿನ ಆಕಾರಕ್ಕೆ ಅಲ್ಲಿಯವರು ‘ಕುರಿಯ ಪಾದ’ ಎನ್ನುತ್ತಾರೆ ಎಂದು ನನ್ನ ಹೆಂಡತಿ ಶೈಲಾಳಿಗೆ ಉತ್ಸಾಹದಿಂದ ಹೇಳಿದೆ. ಅವಳು ಅಂದಿನಿಂದ ಆ ಡ್ರಾಯರ್ ಮುಟ್ಟುವುದನ್ನೇ ಬಿಟ್ಟಳು. ಜಿಂಕೆ ಕೊಂಬಿನ ವಿಷಯದಲ್ಲಂತೂ, ಕೊಂಬು ವರ್ಷಕ್ಕೊಮ್ಮೆ ತಾನಾಗಿಯೇ ಉದುರುತ್ತದೆ, ಜಿಂಕೆಗೆ ಗೊತ್ತೂ ಆಗುವುದಿಲ್ಲ ಎಂದು ಎಷ್ಟು ಸಮಾಧಾನ ಹೇಳಿದರೂ, "ಜಿಂಕೆಯನ್ನ ಕೇಳಿ ಬಂದ್ರಾ?" ಎಂದಳು. ಅವಳ ಮುಖ್ಯ ತಕರಾರು ಬೇರೆಯೇ ಇತ್ತು. "ಮನೇಲಿ ಇಷ್ಟೊಂದು ಚಾಕು ಇಟ್ಕೊಂಡು ಒಂದು ಸೇಬು ಹೆಚ್ಚೋಕೆ ನನ್ನನ್ನೇ ಕರೀತೀರಲ್ಲ." ಅದು ನಿಜ. ಈ ಉಕ್ಕು ಹಳೇ ಕಾಲದ್ದು, ಹಣ್ಣಿನ ಹುಳಿ ತಾಗಿದರೆ ಕಪ್ಪಾಗುತ್ತದೆ. ಸೇಬಿಗೋಸ್ಕರ ಚಾಕು ಹಾಳುಮಾಡಲು ಯಾರಿಗಾದರೂ ಮನಸ್ಸು ಬರುತ್ತದೆಯೆ?

ಆದರೂ ಒಂದನ್ನು ಸದಾ ಜೇಬಿನಲ್ಲಿಟ್ಟುಕೊಂಡಿರುತ್ತಿದ್ದೆ. ನಾವಿರುವುದು ಟೆಕ್ಸಸ್ಸಿನಲ್ಲಿ. ಇಲ್ಲಿ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಹಾಲು, ಬ್ರೆಡ್ಡು ತರಲು ಬರುವವರನ್ನು ಯಾರೂ ತಿರುಗಿ ನೋಡುವುದಿಲ್ಲ. ನನ್ನ ಬೆರಳುದ್ದದ ಚಾಕು ಕಂಡರೆ ಮಾತ್ರ ನಮ್ಮ ಕನ್ನಡದ ಜನ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.

ಇಂಥ ಪರಿಸ್ಥಿತಿಯಲ್ಲಿ ನಮ್ಮ ಮಗಳು ಅನಘಾ ತನಗೊಬ್ಬ ಹುಡುಗ ಇಷ್ಟವಾಗಿದ್ದಾನೆ ಎಂದು ಫೋನಿನಲ್ಲಿ ಹೇಳಿದಳು. ಅವಳಿಗೆ ಆಸ್ಟಿನ್‌ನಲ್ಲಿ, ದ ಡೊಮೇನ್ ಎಂಬ ಆಫೀಸು, ಅಂಗಡಿಗಳ ಬಡಾವಣೆಯಲ್ಲಿ ಕೆಲಸ. ಹುಡುಗ ನಿಖಿಲ್ ಅಲ್ಲೇ ಪಕ್ಕದ ಕಟ್ಟಡದವನು. ಅವನ ತಂದೆ ಡಾಕ್ಟರ್ ಕುಲಕರ್ಣಿ ಡಾಲಸ್‌ನಲ್ಲಿ ಸರ್ಜನ್ ಆಗಿದ್ದು ನಿವೃತ್ತರಾದವರು, ಮೂಲ ಧಾರವಾಡ. ಅವರು ಡಾಲಸ್‌ನಿಂದ, ನಾವು ಹ್ಯೂಸ್ಟನ್‌ನಿಂದ ಡ್ರೈವ್ ಮಾಡಿಕೊಂಡು ಬಂದು ಆಸ್ಟಿನ್‌ನಲ್ಲಿ ಅನಘಾಳ ಅಪಾರ್ಟ್‌ಮೆಂಟಿನಲ್ಲಿ ಭೇಟಿಯಾಗುವುದು ಎಂದು ನಿಶ್ಚಯವಾಯಿತು. ಹೊರಡುವ ದಿನ ಶೈಲಾ ನನಗೆ ಇಸ್ತ್ರಿ ಮಾಡಿದ ಪ್ಯಾಂಟು ಕೊಟ್ಟು, "ಈ ಜೇಬಲ್ಲಿ ಕರವಸ್ತ್ರ ಬಿಟ್ಟು ಇನ್ನೇನೂ ಇರಕೂಡದು" ಎಂದಳು. ಅನಘಾಳೂ ಫೋನಿನಲ್ಲಿ, "ಅಪ್ಪ, ನೋ ನೈವ್ಸ್. ಪ್ಲೀಸ್" ಎಂದಳು. ಒಪ್ಪಿಕೊಂಡೆ. ಒಪ್ಪಿ, ಶೂ ಹಾಕಿಕೊಂಡು ಬಾಗಿಲವರೆಗೂ ಬಂದೆ. ಆದರೆ ಖಾಲಿ ಜೇಬಿನಲ್ಲಿ ನಡೆಯುವುದು, ಕನ್ನಡಕ ಇಲ್ಲದೆ ಪೇಪರ್ ಓದಲು ಕೂತ ಹಾಗಾಯಿತು. ಬಾತ್‌ರೂಮಿಗೆ ಹೋಗಿ ಬರುತ್ತೇನೆ ಎಂದು ಒಳಗೆ ಹೋದವನು, ಜಿಂಕೆ ಕೊಂಬಿನದನ್ನೇ, ಎಲ್ಲಕ್ಕಿಂತ ಚೆಂದದ್ದನ್ನೇ, ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದೆ. ಬೀಗರಾಗುವವರು ಬರುವಾಗ ಸಾಧಾರಣದ್ದು ಒಯ್ಯಬಾರದಲ್ಲ.

ಕುಲಕರ್ಣಿ ದಂಪತಿಗಳು ನಮಗಿಂತ ಮೊದಲೇ ಬಂದಿದ್ದರು. ಡಾಕ್ಟರ ಹೆಂಡತಿ ಸುಧಾ ತುಂಬು ಮಾತಿನ ಹೆಂಗಸು. ಶೈಲಾಳೂ ಆಕೆಯೂ ಕೂತ ಐದು ನಿಮಿಷದಲ್ಲಿ ಹಪ್ಪಳದಿಂದ ಹಿಡಿದು ಮಂಡಿನೋವಿನವರೆಗೆ ಬಂದರು. ಡಾಕ್ಟರು ಮಾತ್ರ ಸೋಫಾದ ಮೇಲೆ, ತಮ್ಮದೇ ಕ್ಲಿನಿಕ್ಕಿನಲ್ಲಿ ಪೇಷಂಟ್ ಆಗಿ ಕೂತವರಂತೆ ಎರಡೂ ಕೈ ತೊಡೆಯ ಮೇಲಿಟ್ಟು ಕೂತಿದ್ದರು.

"ಡಾಲಸ್‌ನಲ್ಲಿ ಟ್ರಾಫಿಕ್ ಜಾಸ್ತಿ ಅಂತಾರೆ" ಎಂದೆ.

"ಇರ್ತದರೀ" ಎಂದರು.

"ಕ್ರಿಕೆಟ್ ನೋಡ್ತೀರಾ?"

"ಇಲ್ಲರೀ."

ಹವಾಮಾನ, ಬೆನ್ನುನೋವು, ಧಾರವಾಡದ ಫೇಡೆ, ಎಲ್ಲವನ್ನೂ ಅವರ ಮುಂದೆ ಒಂದೊಂದಾಗಿ ಇಟ್ಟೆ. ಒಂದಕ್ಕೂ ಎರಡನೆಯ ವಾಕ್ಯ ಬರಲಿಲ್ಲ. ಕೊನೆಗೆ ನನ್ನ ಸರಕೂ ಮುಗಿದು ನಾವಿಬ್ಬರೂ ಎದುರಿಗಿನ ಗೋಡೆಯನ್ನು ನೋಡುತ್ತಾ ಕೂತೆವು. ಅನಘಾ ನನ್ನನ್ನು ನೀರು ಕೊಡುವ ನೆವದಲ್ಲಿ ಅಡುಗೆಮನೆಗೆ ಕರೆದು ಪಿಸುಗುಟ್ಟಿದಳು. "ಅಪ್ಪ, ಸೇ ಸಮ್‌ಥಿಂಗ್. ನಿಖಿಲ್ ಥಿಂಕ್ಸ್ ಯು ಡೋಂಟ್ ಲೈಕ್ ದೆಮ್." ಅವಳ ಮುಖ ನೋಡಿ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಇಬ್ಬರು ಅಪ್ಪಂದಿರಿಗೆ ಮಾತು ಸಿಗಲಿಲ್ಲ ಎಂಬ ಕಾರಣಕ್ಕೆ ಒಂದು ಮದುವೆ ತಪ್ಪಿಹೋದರೆ ಶೈಲಾ ನನ್ನನ್ನು ಈ ಜನ್ಮದಲ್ಲಿ ಬಿಡುವವಳಲ್ಲ.

ಅಷ್ಟರಲ್ಲಿ ಸುಧಾ ಅವರು ತಾವು ತಂದಿದ್ದ ಫೇಡೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಅದಕ್ಕೆ ದಾರ ಸುತ್ತಿ ಗಂಟು ಹಾಕಿತ್ತು. ನಿಖಿಲ್ ಬಿಚ್ಚಲು ನೋಡಿದ, ಆಗಲಿಲ್ಲ. ಅನಘಾ ಉಗುರು ಹಾಕಿದಳು, ಉಗುರು ಮುರಿಯಿತು. "ಅದು ಬಿಚ್ಚೂದಿಲ್ಲರೀ, ಇವರು ಕಟ್ಟಿದ್ದು. ಹೊಟ್ಟಿ ಹೊಲಿಯೂ ಗಂಟು ಹಾಕ್ಯಾರ" ಎಂದರು ಸುಧಾ. ಅನಘಾಳ ಅಡುಗೆಮನೆಯಲ್ಲಿ ಹುಡುಕಿದರೆ, ಹೊರಗಿನಿಂದ ತರಿಸಿದ ಊಟದ ಜೊತೆ ಬಂದ ಪ್ಲಾಸ್ಟಿಕ್ ಚಾಕು ಬಿಟ್ಟರೆ ಇನ್ನೊಂದಿಲ್ಲ. ಅದು ದಾರಕ್ಕೆ ತಾಗಿದ್ದೇ ಎರಡು ತುಂಡಾಯಿತು.

ನನ್ನ ಕೈ ನನ್ನನ್ನು ಕೇಳಲಿಲ್ಲ. ಜೇಬಿಗೆ ಹೋಯಿತು, ಕರವಸ್ತ್ರ ಬಿಚ್ಚಿತು, ಚಾಕು ತೆರೆಯಿತು. ದಾರ ಮುಟ್ಟಿದ್ದೇ ತಡ, ತುಂಡಾಯಿತು. ಶೈಲಾ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯಲು ಹೋಗುವುದಿಲ್ಲ. ಸುಧಾ ಅವರು ಎದೆಯ ಮೇಲೆ ಕೈ ಇಟ್ಟುಕೊಂಡರು. ಆಗ ಸೋಫಾದಿಂದ ದನಿ ಬಂತು.

"ಎಲ್ಲಿ, ಕೊಡ್ರಿ ಇಲ್ಲೆ. ನೋಡೂಣು."

ಡಾಕ್ಟರು ಕೈ ಚಾಚಿದ್ದರು. ಚಾಕು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಅಲಗಿನ ಮೇಲೆ ಹೆಬ್ಬೆರಳು ಅಡ್ಡಡ್ಡ ಆಡಿಸಿದರು. ಮುಚ್ಚಿದರು, ತೆಗೆದರು, ‘ಟಕ್’ ಶಬ್ದಕ್ಕೆ ತಲೆ ಓರೆ ಮಾಡಿ ಕಿವಿಗೊಟ್ಟರು. "ಭಾಳ ಛಲೋ ಅದರೀ. ಯಾರು ಮಾಡ್ಯಾರ ಇದನ್ನ?" ನಾನು ಶೆಫೀಲ್ಡ್ ಕತೆ ಶುರುಮಾಡಿದೆ. ನನ್ನ ಮನೆಯಲ್ಲಿ ಆ ಕತೆಯನ್ನು ಯಾರೂ ಸ್ಪ್ರಿಂಗಿನವರೆಗೆ ಕೇಳಿದವರಲ್ಲ. ಡಾಕ್ಟರು ಸ್ಪ್ರಿಂಗು ದಾಟಿ, ಉಕ್ಕಿನ ಹದ ದಾಟಿ, ಹಿಡಿಯ ಮೊಳೆಗಳವರೆಗೂ ಬಂದರು. ನಾನು ಒಂದು ಹೇಳಿದರೆ ಅವರು ತಮ್ಮ ಆಪರೇಷನ್ ಥಿಯೇಟರಿನ ಬ್ಲೇಡುಗಳ ಬಗ್ಗೆ ಎರಡು ಹೇಳುತ್ತಿದ್ದರು. "ಇವರು ರಿಟೈರ್ ಆದ ಮ್ಯಾಲೆ ಇಷ್ಟು ಮಾತಾಡಿದ್ದು ನಾ ಕೇಳೇ ಇಲ್ಲ" ಎಂದು ಸುಧಾ ಶೈಲಾಳಿಗೆ ಹೇಳಿದರು. ರಿಟೈರ್ ಆದದ್ದು ಗಂಡ, ಆದರೆ ಅದರ ಕಷ್ಟ ಪೂರ್ತಿ ತಮ್ಮದು ಎಂಬಂತೆ ಆಕೆ ಮಾತಾಡುತ್ತಿದ್ದರು. "ಮನ್ಯಾಗ ಇವರ ಕೈಗೆ ನಾ ಚಾಕು ಕೊಡೂದಿಲ್ಲರೀ. ಒಂದು ಸೌತಿಕಾಯಿ ಸಿಪ್ಪಿ ತಗೀಲಿಕ್ಕೆ ಇವರಿಗೆ ಇಬ್ಬರು ನರ್ಸ್ ಬೇಕಾಗ್ತಾರ."

"ಡಾಕ್ಟ್ರೇ, ಇದಕ್ಕೆ ಲಾಕ್ ಇಲ್ಲ, ಬರೀ ಸ್ಪ್ರಿಂಗ್. ಮುಚ್ಚುವಾಗ ಬೆರಳು ಜೋಪಾನ" ಎಂದೆ ನಾನು. ಸಾವಿರಾರು ಹೊಟ್ಟೆ ಕೊಯ್ದ ಮನುಷ್ಯ ನನ್ನನ್ನು ಕನ್ನಡಕದ ಮೇಲಿನಿಂದ ನೋಡಿ ನಕ್ಕು, ಮುಚ್ಚಿದರು.

ಈ ಸಲ ‘ಟಕ್’ ಎನ್ನಲಿಲ್ಲ.

ರಕ್ತ ಸಾಕಷ್ಟು ಬಂತು. ಒಂದು ಹನಿ ಫೇಡೆಯ ಡಬ್ಬಿಯ ಮುಚ್ಚಳದ ಮೇಲೂ ಬಿತ್ತು. ನಿಖಿಲ್ ಟಿಶ್ಯೂಗೆ ಓಡಿದ, ಅನಘಾ ಯಾರಿಗೆ ಫೋನ್ ಮಾಡಬೇಕೆಂದು ತಿಳಿಯದೆ ಫೋನು ಹಿಡಿದು ನಿಂತಳು. ಡಾಕ್ಟರು ಮಾತ್ರ ತಮ್ಮ ಬೆರಳನ್ನು ಬೆಳಕಿಗೆ ಹಿಡಿದು ಮೆಚ್ಚಿಕೊಳ್ಳುತ್ತಿದ್ದರು. "ನೋಡ್ರಿಲ್ಲೆ, ಎಷ್ಟು ಸ್ವಚ್ಛ ಕಟ್ ಆಗ್ಯದ. ಅಂಚು ಒಂಚೂರೂ ಹರದಿಲ್ಲ. ಇದಕ್ಕ ಹೊಲಿಗೆ ಬ್ಯಾಡ." ಹತ್ತಿರದಿಂದ ನೋಡಲಿ ಎಂದು ನನ್ನ ಮೂಗಿನ ಬಳಿಗೇ ತಂದರು. ನಾನು ಬಿರುಕು ನೋಡಿ ಅಭ್ಯಾಸವಾದವನು ನಿಜ, ಆದರೆ ಅವೆಲ್ಲ ಪೈಪಿನವು. ಕಣ್ಣು ಕತ್ತಲಿಟ್ಟಿತು. ಮತ್ತೆ ನೋಡಿದಾಗ ನಾನು ಸೋಫಾದ ಮೇಲೆ ಮಲಗಿದ್ದೆ, ಕಾಲ ಕೆಳಗೆ ಎರಡು ದಿಂಬು, ಪಕ್ಕದಲ್ಲಿ ಒರೆಸಿ ಮುಚ್ಚಿಟ್ಟ ಚಾಕು ಇದ್ದವು. ಬೆರಳಿಗೆ ಟಿಶ್ಯೂ ಸುತ್ತಿಕೊಂಡ ಡಾಕ್ಟರು ಇನ್ನೊಂದು ಕೈಯಲ್ಲಿ ನನ್ನ ನಾಡಿ ಹಿಡಿದಿದ್ದರು. ಅವರ ಮುಖದಲ್ಲಿ ಇಷ್ಟು ಸಂತೋಷ ಅಂದು ಮೊದಲ ಸಲ ಕಂಡೆ.

ಎಲ್ಲ ಸ್ವಲ್ಪ ತಣ್ಣಗಾದ ಮೇಲೆ ಸುಧಾ ಅವರ ಮುಖ ಬಾಡಿತು. "ಮೊದಲನೇ ಭೇಟಿಗೇ ರಕ್ತ ಬಿತ್ತಲ್ಲರೀ" ಎಂದರು ಸಣ್ಣ ದನಿಯಲ್ಲಿ. ಅನಘಾ ಮತ್ತು ನಿಖಿಲ್ ಒಬ್ಬರನ್ನೊಬ್ಬರು ನೋಡಿಕೊಂಡರು. ಇಷ್ಟು ವರ್ಷ ಸಂಸಾರ ಮಾಡಿಯೂ ಶೈಲಾಳ ಚುರುಕುತನ ನನಗೆ ಪೂರ್ತಿ ಗೊತ್ತಿರಲಿಲ್ಲ. ಅವಳು ತಟಕ್ಕನೆ, "ಇನ್ನೇನು ಸುಧಾ ಅವರೇ, ನಾವು ಬರೀ ಸಂಬಂಧ ಕೇಳೋಣ ಅಂತ ಬಂದ್ವಿ. ಇದು ರಕ್ತಸಂಬಂಧವೇ ಆಗಿಹೋಯ್ತು" ಎಂದಳು. ಮೊದಲು ನಕ್ಕವರು ಡಾಕ್ಟರು. ಆಮೇಲೆ ಸುಧಾ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಶೈಲಾ ಮುಂದುವರಿದಳು. "ಆ ಚಾಕು ಡಾಕ್ಟ್ರೇ ಇಟ್ಕೊಳ್ಳಲಿ. ನಮ್ಮ ಕಡೆಯಿಂದ ಮೊದಲ ಉಡುಗೊರೆ." ನನಗೆ ಮತ್ತೆ ಮಲಗಬೇಕೆನ್ನಿಸಿತು. ನಮ್ಮಲ್ಲಿ ಯಾರು ಏನೇ ಕೊಟ್ಟರೂ ಬೇಡ ಬೇಡ ಎಂದು ಮೂರ್ನಾಲ್ಕು ಸಲವಾದರೂ ಅನ್ನುವ ಸಂಪ್ರದಾಯವಿದೆ. ಡಾಕ್ಟರು ಒಂದೇ ಸಲ "ಛೇ, ಬ್ಯಾಡರೀ" ಎಂದರು. ಅದನ್ನೂ ಚಾಕುವನ್ನು ನೋಡುತ್ತಾ ಅಂದರು. ನನ್ನ ಪುಣ್ಯಕ್ಕೆ ಸುಧಾ ಅವರೇ, "ಚಾಕು ಕೈಯಿಂದ ಕೈಗೆ ಕೊಡಬಾರದರೀ, ಜಗಳಾ ಆಗ್ತದ" ಎಂದರು. ನಾನು ಎದ್ದು ಕೂತೆ. ಜನ್ಮದಲ್ಲಿ ಯಾವ ಮೂಢನಂಬಿಕೆಯನ್ನೂ ಅಷ್ಟು ಶ್ರದ್ಧೆಯಿಂದ ಬೆಂಬಲಿಸಿರಲಿಲ್ಲ. "ಅವರು ಹೇಳೋದು ಸರಿ. ಇಂಗ್ಲೆಂಡ್‌ನಲ್ಲೂ ಹಾಗೇ ನಂಬ್ತಾರೆ. ಚಾಕು ಉಡುಗೊರೆ ಕೊಟ್ರೆ ಸ್ನೇಹ ಕತ್ತರಿಸುತ್ತಂತೆ. ಅದಕ್ಕೇ ತಗೊಳ್ಳೋರು ತಿರುಗಿ ಒಂದು ನಾಣ್ಯ ಕೊಡಬೇಕಂತೆ, ಇಲ್ಲದಿದ್ರೆ..." ಎನ್ನುವಷ್ಟರಲ್ಲಿ ಡಾಕ್ಟರು ಚೆನ್ನಾಗಿದ್ದ ಕೈಯನ್ನು ಪ್ಯಾಂಟಿನ ಜೇಬಿಗೆ ಹಾಕಿ ಒಂದು ನಾಣ್ಯ ತೆಗೆದು ಮೇಜಿನ ಮೇಲಿಟ್ಟಿದ್ದರು. ನಾನು ಚಾಕುವನ್ನು ಅದರ ಪಕ್ಕ ಇಟ್ಟೆ. ಅವರು ಅದನ್ನೆತ್ತಿಕೊಂಡರು. ಎಲ್ಲರೂ ಫೇಡೆ ತಿಂದರು.

ಮುಂದಿನ ಬೇಸಿಗೆಯಲ್ಲಿ ಡಾಲಸ್‌ನಲ್ಲಿ ಮದುವೆ ಚೆನ್ನಾಗಿಯೇ ಆಯಿತು. ಈಗ ಮಗಳು ಅಳಿಯ ಆಸ್ಟಿನ್‌ನಲ್ಲೇ ಇದ್ದಾರೆ, ಆಗಾಗ ವಾರದ ಕೊನೆಗೆ ಡಾಲಸ್‌ಗೆ ಹೋಗುತ್ತಾರೆ. ಡಾಕ್ಟರು ಬೆಳಗ್ಗೆ ನಿಂಬೆಹಣ್ಣಿನ ಪಾನಕಕ್ಕೆ ಅದೇ ಚಾಕುವಿನಲ್ಲಿ ಹಣ್ಣು ಕೊಯ್ಯುತ್ತಾರಂತೆ, ಅದೂ ಸುಧಾ ಅವರ ಒಪ್ಪಿಗೆ ಪಡೆದು. ನಿಂಬೆಯ ಹುಳಿ ಆ ಉಕ್ಕಿಗೆ ಏನು ಮಾಡುತ್ತದೆಂದು ಬಲ್ಲ ನನಗೆ ಈ ಸುದ್ದಿ ಕೇಳಿದಂದಿನಿಂದ ಸರಿಯಾಗಿ ಊಟ ಸೇರಿಲ್ಲ. ಹೋದ ಭಾನುವಾರ ಅನಘಾ ಅತ್ತೆಯ ಮನೆಯಿಂದ ಫೋನ್ ಮಾಡಿದ್ದಳು. ಶೈಲಾ ಮಾತಾಡಿ ಮುಗಿಸಿ ನನ್ನ ಕೈಗೆ ಕೊಟ್ಟಳು. ಅಲಗು ಕಪ್ಪಾಗಿದೆಯಾ, ಕೊಯ್ದ ಮೇಲೆ ಬಟ್ಟೆಯಲ್ಲಿ ಒರೆಸುತ್ತಾರಾ, ಕೀಲಿಗೆ ಒಂದು ತೊಟ್ಟು ಎಣ್ಣೆ ಬಿಡುತ್ತಾರಾ ಎಂದು ನಾನು ವಿಚಾರಿಸಿಕೊಂಡೆ.

"ಅಪ್ಪ, ದ ನೈಫ್ ಈಸ್ ಫೈನ್" ಎಂದಳು ಅನಘಾ. ಆಮೇಲೆ ಯಾವತ್ತೂ ಇಲ್ಲದ ಅಚ್ಚ ಕನ್ನಡದಲ್ಲಿ, "ನಾನೂ ಚೆನ್ನಾಗಿದ್ದೀನಿ" ಎಂದಳು.

ಪಕ್ಕದಲ್ಲಿದ್ದ ಶೈಲಾ, "ಆ ಮನೆಗೆ ಕೊಟ್ಟಿದ್ದು ಎರಡು. ವಿಚಾರಿಸೋದು ಒಂದನ್ನೇ" ಎಂದಳು, ನನಗೆ ಕೇಳಿಸುವಷ್ಟು ಗಟ್ಟಿಯಾಗಿ.

"ಬಹಳ ಸಂತೋಷ ಪುಟ್ಟಿ" ಎಂದೆ. ನಿಜವಾಗಿಯೂ ಸಂತೋಷವಾಗಿತ್ತು. ಅಳಿಯ ಹೇಗಿದ್ದಾನೆ, ಕೆಲಸ ಹೇಗಿದೆ ಎಂದೆಲ್ಲ ಕೇಳಿದೆ. ಶೈಲಾ ಸಮಾಧಾನದಿಂದ ಒಳಗೆ ಹೋದಳು. ಅವಳು ಹೋದದ್ದನ್ನು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿ, ಹಾಕುತ್ತಿರುವುದು ಯಾವ ಎಣ್ಣೆ ಎಂದು ಕೇಳಿದೆ.