ಬೀಗರ ಕೈಗೆ ಸಿಕ್ಕ ಸ್ವಿಚ್ಚು

"ಆ ಫ್ಯಾನಿಗೆ ಯಜಮಾನ ಯಾರು, ನಾನೋ ಕಾರೋ, ಇವತ್ತು ತೀರ್ಮಾನ ಆಗ್ಲೇಬೇಕು" ಎಂದು ಘೋಷಿಸಿ ಚಂದ್ರಶೇಖರಯ್ಯನವರು ಶನಿವಾರ ಬೆಳಿಗ್ಗೆ ಬಚ್ಚಲುಮನೆಯ ದೀಪದ ಸ್ವಿಚ್ಚನ್ನು ಬಿಚ್ಚಿಕೊಂಡು ಹೊರಟರು.

"ಅದು ಬಚ್ಚಲುಮನೇದು" ಎಂದರು ಹೆಂಡತಿ ತ್ರಿಪುರಸುಂದರಮ್ಮ.

"ಬೆಳಿಗ್ಗೆ ಹೊತ್ತು ಬಚ್ಚಲಿಗೆ ದೀಪ ಯಾಕೆ?"

"ಕತ್ತಲಾದ ಮೇಲೆ?"

"ಕತ್ತಲಾದ ಮೇಲೆ ಸ್ನಾನ ಯಾಕೆ?"

ಇಂಥ ವಾದಕ್ಕೆ ಉತ್ತರ ಕೊಟ್ಟು ಬಾಯಿ ನೋಯಿಸಿಕೊಳ್ಳಬಾರದೆಂಬುದನ್ನು ಆಕೆ ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಕಲಿತಿದ್ದರು. ಒಳಗೆ ಹೋದರು.

ಚಂದ್ರಶೇಖರಯ್ಯನವರಿಗೆ ತರಗುಪೇಟೆಯಲ್ಲಿ ಬೇಳೆಕಾಳಿನ ಸಗಟು ಮಂಡಿ, ಚಾಮರಾಜಪೇಟೆಯಲ್ಲಿ ಮನೆ, ಮನೆಯ ಮುಂದೆ ಯುದ್ಧಕ್ಕೂ ಮುಂಚಿನ ಒಂದು ಕಾರು. ಆ ಕಾರಿಗೆ ನೋಡುವುದಕ್ಕೆ ದಿವಾನರ ಗಾಂಭೀರ್ಯ, ಸ್ವಭಾವ ಮಾತ್ರ ಮುಂಗೋಪ. ಸ್ವಲ್ಪ ಏರು ಸಿಕ್ಕಿದರೂ ಕುದಿದುಬಿಡುತ್ತಿತ್ತು. ಅದರ ರೇಡಿಯೇಟರಿಗೆ ಗಾಳಿ ಹಾಕುವ ಫ್ಯಾನು ಹೋದ ವರ್ಷ ಮುರಿದಾಗ ಅಂಥದ್ದು ಇನ್ನೊಂದು ಇಡೀ ಬೆಂಗಳೂರಿನಲ್ಲಿ ಸಿಗಲಿಲ್ಲ. ಕೊನೆಗೆ ಮೆಕ್ಯಾನಿಕ್ ಮಾಯಣ್ಣ, ಹರಾಜಾದ ಮಿಲಿಟರಿ ಸಾಮಾನಿನಲ್ಲಿ ದೊರೆತ ಒಂದು ಬ್ಯಾಟರಿ ಫ್ಯಾನನ್ನು ರೇಡಿಯೇಟರಿನ ಮುಂದೆ ಕೂರಿಸಿಕೊಟ್ಟ. ಕುದಿಯುವುದು ನಿಂತಿತು. ಆದರೆ ಈ ಫ್ಯಾನಿಗೆ ನಿಲ್ಲುವುದೇ ಗೊತ್ತಿರಲಿಲ್ಲ. ಕೀಲಿ ತಿರುಗಿಸಿದರೆ ಸಾಕು, ಮಾಗಿಯ ಚಳಿಯೇ ಇರಲಿ, ಗುಂಯ್ಯೆಂದು ಶುರು. ಬ್ಯಾಟರಿಯನ್ನೆಲ್ಲ ಅದೇ ಕುಡಿದು ಮುಗಿಸುತ್ತಿತ್ತು. ವಾರಕ್ಕೆರಡು ಸಲ ತ್ರಿಪುರಸುಂದರಮ್ಮ ಅಕ್ಕಪಕ್ಕದ ಮನೆಯವರನ್ನು ಬೇಡಿಕೊಂಡು ಕಾರು ತಳ್ಳಿಸಬೇಕು. ಅವರ ಕಾರು ಹೊರಡುವ ಹೊತ್ತಿಗೆ ಬೀದಿಯ ಗಂಡಸರಿಗೆಲ್ಲ ಏನೋ ಅರ್ಜೆಂಟ್ ಕೆಲಸ ನೆನಪಾಗುತ್ತಿತ್ತು.

"ಸೋಮವಾರ ತನ್ನಿ ಯಜಮಾನ್ರೇ. ಬೇಕಾದಾಗ ಹಾಕಿ, ಬೇಡ್ದಾಗ ಆರ್ಸೋ ಹಂಗೆ ಒಂದು ಸ್ವಿಚ್ಚು ಇಟ್ಕೊಡ್ತೀನಿ" ಎಂದಿದ್ದ ಮಾಯಣ್ಣ. ಆದರೆ ಭಾನುವಾರವೇ ಮಗಳು ಶೈಲಜಳನ್ನು ನೋಡಲು ಮಲ್ಲೇಶ್ವರದಿಂದ ಗಂಡಿನ ತಂದೆತಾಯಿ ಬರುವವರಿದ್ದರು. ಅವರನ್ನು ವಾಪಸ್ಸು ಕಾರಿನಲ್ಲೇ ಮನೆ ಮುಟ್ಟಿಸಬೇಕೆಂದು ಚಂದ್ರಶೇಖರಯ್ಯನವರ ಆಸೆ. ಬೀಗರಾಗುವವರ ಎದುರಿಗೆ, ಅಥವಾ ದೇವರೇ, ಬೀಗರಾಗುವವರ ಕೈಯಿಂದಲೇ ಕಾರು ತಳ್ಳಿಸುವುದುಂಟೆ?

ಶನಿವಾರವಿಡೀ ಅವರು ಬಾನೆಟ್ಟಿನೊಳಗೆ ತಲೆ ಇಟ್ಟುಕೊಂಡಿದ್ದರು. ಮಾಯಣ್ಣ ಜೋಡಿಸಿದ್ದ ವೈರುಗಳನ್ನೆಲ್ಲ ಕಿತ್ತು, ನಡುವೆ ಸ್ವಿಚ್ಚು ಸೇರಿಸಿ, ಮತ್ತೆ ಜೋಡಿಸಿದರು. ತಂದಿದ್ದ ವೈರು ಡ್ರೈವರ್ ಸೀಟಿನ ತನಕ ಸಾಲಲಿಲ್ಲವಾದ್ದರಿಂದ ಸ್ವಿಚ್ಚು ಎಡಗಡೆ ಸೀಟಿನ ಎದುರಿಗೆ ಬಂತು. ಸಾಯಂಕಾಲ ಹೆಂಡತಿಯನ್ನು ಕರೆದರು.

"ಕೇಳಿಸ್ತಾ?"

"ಕೇಳಿಸ್ತು. ಗುಂಯ್ ಅಂತಿದೆ."

ಸ್ವಿಚ್ಚು ಆರಿಸಿದರು. "ಈಗ ಕೇಳಿಸ್ತಾ?"

"ಆರಿಸಿದ್ಮೇಲೆ ಏನು ಕೇಳ್ಸುತ್ತೆ? ಅಲ್ಲಾ ರೀ, ಇದು ನಿಮ್ಮ ಕೈಗೆ ಎಟುಕೋದೇ ಇಲ್ವಲ್ಲ."

"ಪಕ್ಕದಲ್ಲಿ ನೀನು ಕೂತಿರ್ತೀಯಲ್ಲ. ನಾನು ಹಾಕು ಅಂದಾಗ ಹಾಕು, ತೆಗಿ ಅಂದಾಗ ತೆಗಿ."

"ಆ ಕೆಲಸಕ್ಕೆ ಮಂಡಿ ಗುಮಾಸ್ತರನ್ನ ಕರ್ಕೊಂಡು ಹೋಗಿ" ಎಂದು ತ್ರಿಪುರಸುಂದರಮ್ಮ ಕತ್ತಲಾಗುವುದರೊಳಗೆ ಸ್ನಾನ ಮುಗಿಸಲು ಹೊರಟುಹೋದರು.

ಭಾನುವಾರ ಎಲ್ಲವೂ ಸುಸೂತ್ರವಾಗಿ ನಡೆಯಿತು. ಗಂಡಿನ ತಂದೆ ಗಂಗಾಧರಯ್ಯನವರು ನಿವೃತ್ತ ಅಮಲ್ದಾರರು. ಜರಿಪೇಟ, ಬಿಳಿ ಕ್ಲೋಸ್ ಕೋಟು, ಹಣೆ ತುಂಬ ವಿಭೂತಿ. ಕಿವಿ ಸ್ವಲ್ಪ ಮಂದ. ಅವರ ಹೆಂಡತಿ ಮಹಾನಂದಮ್ಮನವರು ಕೇಸರಿಬಾತನ್ನು ಎರಡನೇ ಸಲ ಹಾಕಿಸಿಕೊಂಡದ್ದನ್ನು ಚಂದ್ರಶೇಖರಯ್ಯ ಶುಭಸೂಚನೆಯೆಂದೇ ತಿಳಿದರು. ಆದರೆ ಹೊರಡುವಾಗ ಆಕೆ "ಮನೇಲಿ ಮಾತಾಡಿ ತಿಳಿಸ್ತೀವಿ" ಎಂದಷ್ಟೇ ಹೇಳಿದರು.

ಕಾರು ಹತ್ತುವಾಗ ಹೆಂಗಸರಿಬ್ಬರೂ ಹಿಂದೆ ಕೂತರು. ಗಂಗಾಧರಯ್ಯನವರು ಮುಂದೆ ಎಡಗಡೆ, ಸ್ವಿಚ್ಚಿನ ಎದುರಿಗೇ ವಿರಾಜಮಾನರಾದರು.

"ಇದೇನ್ರೀ ಇದು?" ಎಂದು ಗಂಗಾಧರಯ್ಯ ಸ್ವಿಚ್ಚಿನ ಮೇಲೆ ಬೆರಳಿಟ್ಟರು.

"ಫ್ಯಾನ್ ಸ್ವಿಚ್ಚು ಸ್ವಾಮಿ. ನಾನೇ ಕೂರಿಸಿದ್ದು."

"ಕಾರಿಗೂ ಫ್ಯಾನೇ? ಭೇಷ್."

ಯಾವ ಫ್ಯಾನು, ಯಾರಿಗೆ ಗಾಳಿ ಎಂದು ವಿವರಿಸುವಷ್ಟರಲ್ಲಿ ಒಂದು ಎತ್ತಿನ ಗಾಡಿ ಅಡ್ಡ ಬಂತು. ಹಾರನ್ನು ಒತ್ತಿ, ಬ್ರೇಕು ಹಾಕಿ, ಗಾಡಿಯವನೊಡನೆ ನಾಲ್ಕು ಮಾತಾಡಿ ಮುಂದೆ ಬರುವ ಹೊತ್ತಿಗೆ ಆ ವಿಷಯ ಅಲ್ಲೇ ಉಳಿಯಿತು. ಕಾಟನ್‌ಪೇಟೆಯಲ್ಲಿ ಜನಸಂದಣಿಗೆ ಕಾರು ಆಮೆಯಾಯಿತು. ಇಂಜಿನ್ನು ಬಿಸಿಯಾಗುವ ವಾಸನೆ ಚಂದ್ರಶೇಖರಯ್ಯನವರ ಮೂಗಿಗೆ ಬಡಿಯಿತು. ಹೆಣ್ಣು ಕೊಡುವವರು ಗಂಡಿನ ತಂದೆಗೆ ಸ್ವಿಚ್ಚು ಹಾಕೆಂದು ಅಪ್ಪಣೆ ಕೊಡುವುದು ಹೇಗೆ?

"ಸೆಕೆ ಜಾಸ್ತಿ ಆಯ್ತು" ಎಂದು ಗಾಳಿಗೆ ಹೇಳಿದಂತೆ ಹೇಳಿದರು.

ಗಂಗಾಧರಯ್ಯನವರು ಅರ್ಥಮಾಡಿಕೊಂಡು ಸ್ವಿಚ್ಚು ಹಾಕಿದರು. ಮುಂದೆ ಗುಂಯ್ಯೆಂದಿತು. ಚಂದ್ರಶೇಖರಯ್ಯನವರಿಗೆ ಜೀವ ಬಂತು. ಗಂಗಾಧರಯ್ಯನವರು ಕೋಟಿನ ಮೇಲಿನ ಗುಂಡಿ ಬಿಚ್ಚಿ, ಕತ್ತು ಎತ್ತಿ, ಗಾಳಿಗಾಗಿ ಕಾದರು. ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು, ಮೇಲೆ ನೋಡಿದರು. ಎಲ್ಲಿಂದಲೂ ಗಾಳಿ ಬರಲಿಲ್ಲ. ಮರ್ಯಾದಸ್ಥರಾದ ಅವರು ಏನೂ ಹೇಳದೆ ಸ್ವಿಚ್ಚು ಆರಿಸಿದರು.

"ಇರ್ಲಿ ಬಿಡಿ ಸ್ವಾಮಿ, ಹಾಕಿರ್ಲಿ" ಎಂದರು ಚಂದ್ರಶೇಖರಯ್ಯ.

"ಪರವಾಗಿಲ್ಲ, ನಂಗೇನೂ ಸೆಕೆ ಇಲ್ಲ" ಎಂದರು ಗಂಗಾಧರಯ್ಯ.

ಮೆಜೆಸ್ಟಿಕ್ ಹತ್ತಿರ ಮತ್ತೆ ಸೆಕೆಯ ಮಾತು ಬಂತು. ಮತ್ತೆ ಸ್ವಿಚ್ಚು ಬಿತ್ತು, ಮತ್ತೆ ಕತ್ತು ಮೇಲೆದ್ದಿತು, ಮತ್ತೆ ಸ್ವಿಚ್ಚು ಆರಿತು. ಶೇಷಾದ್ರಿಪುರ ಬರುವ ಹೊತ್ತಿಗೆ ಚಂದ್ರಶೇಖರಯ್ಯನವರು ಸ್ಟೀರಿಂಗನ್ನು ಹಿಸುಕುತ್ತಿದ್ದರು. ಕೈ ಚಾಚಿ ತಾವೇ ಹಾಕೋಣವೆಂದರೆ ಅಮಲ್ದಾರರ ಹೊಟ್ಟೆ ಅಡ್ಡ. ಫ್ಯಾನು ನಮಗಲ್ಲ, ಇಂಜಿನ್ನಿಗೆ ಎಂದು ಎರಡು ಸಲ ಕೂಗಿ ಹೇಳಿದರು. ಮಂದ ಕಿವಿಗೆ ಇಂಜಿನ್ ಎಂಬುದೊಂದೇ ಬಿತ್ತು. "ಹೌದೌದು, ನಮ್ಮ ಹುಡುಗ ಇಂಜಿನಿಯರೇ. ಲೋಕೋಪಯೋಗಿ ಇಲಾಖೆ" ಎಂದು ಅವರು ಸಂತೋಷಪಟ್ಟರು.

ಮಲ್ಲೇಶ್ವರದ ಏರು ಎದುರಿಗೆ ಬಂದಾಗ ಚಂದ್ರಶೇಖರಯ್ಯನವರ ಸಹನೆ ಕಿತ್ತುಹೋಯಿತು.

"ಸ್ವಾಮಿ, ನಿಮ್ಮ ದಮ್ಮಯ್ಯ, ಆ ಸ್ವಿಚ್ಚು ಹಾಕಿ, ಹಾಗೇ ಬಿಟ್ಬಿಡಿ. ಮನೆ ಬರೋ ತನಕ ಮುಟ್ಟಬೇಡಿ."

ಗಂಗಾಧರಯ್ಯನವರು ಸ್ವಿಚ್ಚು ಹಾಕಿ, ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು, ಮೇಷ್ಟರ ಬೈಗುಳ ತಿಂದವರಂತೆ ನೆಟ್ಟಗೆ ಕೂತರು. ಫ್ಯಾನು ಗುಂಯ್ಯೆನ್ನುತ್ತಿತ್ತು. ಅದರ ಗುಂಯ್ಗಾನ ಕೇಳುತ್ತ ಚಂದ್ರಶೇಖರಯ್ಯ ಗೆದ್ದವರಂತೆ ಏರು ಹತ್ತಿದರು. ಅರ್ಧ ಹತ್ತುವುದರೊಳಗೆ ಬಾನೆಟ್ಟಿನ ಎರಡು ಕಡೆಯಿಂದಲೂ ಹೊಗೆಯಂತೆ ಆವಿ ಎದ್ದಿತು. ಕಾರು ಒಮ್ಮೆ ಕೆಮ್ಮಿ ನಿಂತುಬಿಟ್ಟಿತು. ಫ್ಯಾನು ಮಾತ್ರ ಗುಂಯ್ಯೆನ್ನುತ್ತಲೇ ಇತ್ತು.

ನಾಲ್ವರೂ ಇಳಿದರು. ಚಂದ್ರಶೇಖರಯ್ಯ ಕೈಗೆ ಟವೆಲ್ಲು ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳ ಸಡಿಲಿಸಿದರು. ಪಕ್ಕದಲ್ಲೇ ಬಗ್ಗಿ ನೋಡುತ್ತಿದ್ದ ಗಂಗಾಧರಯ್ಯನವರ ಬಿಳಿ ಕೋಟಿಗೆ ತುಕ್ಕುನೀರಿನ ಹನಿಗಳು ಸಿಡಿದು ಚಿರತೆಯ ಚುಕ್ಕೆ ಬಿಡಿಸಿದವು.

"ನೀವು ಆಗಾಗ ಆರಿಸದೆ ಇದ್ದಿದ್ರೆ ಹೀಗಾಗ್ತಿರ್ಲಿಲ್ಲ" ಎಂಬ ಮಾತು ಚಂದ್ರಶೇಖರಯ್ಯನವರ ಬಾಯಿಂದ ಜಾರಿಯೇಬಿಟ್ಟಿತು. ಈ ಸಲ ಗಂಗಾಧರಯ್ಯನವರಿಗೆ ಪೂರ್ತಿ ಕೇಳಿಸಿತು. ಅವರ ಮುಖ ಬಿಗಿಯಿತು.

ಕಾರಿನ ಮುಂದೆ ನಿಂತಿದ್ದ ತ್ರಿಪುರಸುಂದರಮ್ಮ ಆಗ ಕೇಳಿದರು: "ಅಂದ್ರೆ, ಈ ಫ್ಯಾನು ಗಾಳೀನ ಒಳಗೆ ಊದಬೇಕೋ, ಹೊರಗೆ ಊದಬೇಕೋ?"

"ಒಳಗೆ. ಅಷ್ಟೂ ಗೊತ್ತಾಗಲ್ವೇ?"

"ಹಾಗಾದ್ರೆ ನನ್ನ ಸೆರಗು ಯಾಕೆ ಹೊರಗಡೆ ಹಾರ್ತಿದೆ? ಒಲೆ ಮುಂದೆ ನಿಂತ ಹಾಗೆ ಬಿಸಿಗಾಳಿ ಮುಖಕ್ಕೆ ಹೊಡೀತಿದೆ."

ಚಂದ್ರಶೇಖರಯ್ಯ ಬಂದು ಫ್ಯಾನಿನ ಮುಂದೆ ಕೈ ಒಡ್ಡಿ ನೋಡಿದರು. ಫ್ಯಾನು ತಿರುವುಮುರುವಾಗಿ ತಿರುಗುತ್ತಿತ್ತು. ನಿನ್ನೆ ಕಿತ್ತ ಎರಡು ವೈರುಗಳನ್ನು ಅದಲುಬದಲು ಜೋಡಿಸಿದ್ದರು. ಕಾರು ಮುಂದೆ ಹೋಗುವಾಗ ತಾನಾಗಿ ಒಳಕ್ಕೆ ನುಗ್ಗುತ್ತಿದ್ದ ಗಾಳಿಯನ್ನೂ ಆ ಫ್ಯಾನು ಹೊರಕ್ಕೆ ಅಟ್ಟುತ್ತಿತ್ತು.

"ಅಂದ್ರೆ," ಎಂದು ಗಂಗಾಧರಯ್ಯ ತೀರ್ಪು ಓದುವ ಧಾಟಿಯಲ್ಲಿ ಹೇಳಿದರು, "ಇಷ್ಟು ದೂರ ಕಾರು ಬಂದದ್ದು ನಾನು ಆರಿಸ್ತಿದ್ದದ್ದರಿಂದ."

ಚಂದ್ರಶೇಖರಯ್ಯನವರಿಗೆ ಆ ಆವಿಯಲ್ಲೇ ಕರಗಿಹೋಗಬಾರದೇ ಎನ್ನಿಸಿತು. ಮಗಳ ಸಂಬಂಧ ಕೈಬಿಟ್ಟಿತೆಂದೇ ಲೆಕ್ಕ ಹಾಕಿದರು. ಅಷ್ಟರಲ್ಲಿ ಮಹಾನಂದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲುಗುತ್ತಿದ್ದುದು ಕಾಣಿಸಿತು. ಅಳುತ್ತಿದ್ದಾರೇನೋ ಎಂದುಕೊಂಡರು. ಆಕೆ ನಗುತ್ತಿದ್ದರು.

"ನೀವೇನೂ ಬೇಜಾರು ಮಾಡ್ಕೋಬೇಡಿ ತ್ರಿಪುರಸುಂದರಮ್ಮ" ಎಂದರು. "ಹೋದ ತಿಂಗಳು ನಮ್ಮ ಯಜಮಾನರು ಮನೆ ನಲ್ಲಿ ರಿಪೇರಿ ಮಾಡಿದ್ರು. ಈಗ ಅಡುಗೆಮನೇಲಿ ತಿರುಗ್ಸಿದ್ರೆ ನೀರು ಹಿತ್ತಲಲ್ಲಿ ಬರುತ್ತೆ. ನಾನು ತಿರುಗ್ಸಿ ಬಿಂದಿಗೆ ಹಿಡ್ಕೊಂಡು ಓಡ್ತೀನಿ."

ಗಂಗಾಧರಯ್ಯನವರಿಗೆ ತಟ್ಟನೆ ಕಿವಿ ಕೇಳಿಸದಾಯಿತು.

ಅವರು ಜಟಕಾ ಹತ್ತಿ ಮನೆಗೆ ಹೋದರು. ನಾಲ್ಕು ದಿನದ ಮೇಲೆ ತ್ರಿಪುರಸುಂದರಮ್ಮನ ಹೆಸರಿಗೆ ಮಹಾನಂದಮ್ಮನವರ ಕಾಗದ ಬಂತು. ಹುಡುಗಿ ಒಪ್ಪಿಗೆ. ಷರತ್ತು ಒಂದೇ: ಮದುವೆ ಮುಗಿಯುವವರೆಗೆ ಎರಡು ಮನೆಯ ಯಜಮಾನರೂ ಯಾವುದನ್ನೂ ಬಿಚ್ಚಕೂಡದು, ಜೋಡಿಸಕೂಡದು. ತ್ರಿಪುರಸುಂದರಮ್ಮ ಕಾಗದವನ್ನು ಗಂಡನಿಗೆ ಗಟ್ಟಿಯಾಗಿ ಎರಡು ಸಲ ಓದಿ ಹೇಳಿದರು.

ಮದುವೆಯ ದಿನ ಹೆಂಡತಿಯರಿಬ್ಬರೂ ಚಪ್ಪರದ ದೀಪ, ಪಂಪ್ ಸ್ಟೌವು, ಪೆಟ್ರೊಮ್ಯಾಕ್ಸು ಇವು ಯಾವುದರ ಹತ್ತಿರಕ್ಕೂ ಬಿಡದೆ ಬೀಗರಿಬ್ಬರನ್ನೂ ಬಾಗಿಲಲ್ಲಿ ನಿಲ್ಲಿಸಿ, ಬಂದವರಿಗೆ ಪನ್ನೀರು ಚಿಮುಕಿಸುವ ಕೆಲಸ ಕೊಟ್ಟಿದ್ದರು. ಹತ್ತು ಜನ ಬರುವುದರೊಳಗೆ ಪನ್ನೀರುದಾನಿಯ ಬಾಯಿ ಕಟ್ಟಿಕೊಂಡಿತು. ಚಂದ್ರಶೇಖರಯ್ಯ ಕುಲುಕಿದರು, ಬರಲಿಲ್ಲ. ಗಂಗಾಧರಯ್ಯ ಕುಲುಕಿದರು, ಬರಲಿಲ್ಲ.

"ತಲೆ ತಿರುಗ್ಸಿದ್ರೆ ಬಿಚ್ಕೊಳ್ಳುತ್ತೆ ಅಂತ ಕಾಣುತ್ತೆ" ಎಂದು ಪಿಸುಗುಟ್ಟಿದ ಗಂಗಾಧರಯ್ಯ, ರುಮಾಲಿನಿಂದ ಒಂದು ಪಿನ್ನು ತೆಗೆದು ಬೀಗರ ಕೈಗಿತ್ತರು.

ಚಂದ್ರಶೇಖರಯ್ಯ ಪಿನ್ನು ಹಿಡಿದು ತಲೆ ಎತ್ತಿದರು. ಎದುರಿಗೆ ತ್ರಿಪುರಸುಂದರಮ್ಮ ಕೈ ಚಾಚಿ ನಿಂತಿದ್ದರು. ಚಂದ್ರಶೇಖರಯ್ಯ ಪನ್ನೀರುದಾನಿಯನ್ನು ಆ ಕೈಗೆ ಕೊಟ್ಟರು. ಆಕೆಯ ಇನ್ನೊಂದು ಕೈ ಮುಂದೆ ಬಂತು. ಪಿನ್ನನ್ನೂ ಕೊಟ್ಟರು.