ಬರೀ ಟೀ ರಿಸೆಪ್ಷನ್

ಹುಣಸೂರಿನ ಒಂದು ಕಲ್ಯಾಣ ಮಂಟಪದಲ್ಲಿ ನಾನು ಮ್ಯಾನೇಜರು. ಮದುವೆಗೆ ಬಂದವರು ಊಟದ ವಿಷಯದಲ್ಲಿ ಮಾಡುವ ಅವಾಂತರಗಳನ್ನು ವಾರ ವಾರ ನೋಡುತ್ತೇನೆ. ಯಾವ ವಾರವೂ ನನಗೆ ನಿರಾಸೆಯಾಗಿಲ್ಲ. ಆದರೆ ಊಟವೇ ಇಲ್ಲದ ಒಂದು ಮದುವೆ ಎಲ್ಲವನ್ನೂ ಮೀರಿಸಿತು.

೧. ಬುಕಿಂಗ್

ಮದುಮಗಳು ಹೈಸ್ಕೂಲ್ ಟೀಚರು. ಬೆಳಿಗ್ಗೆ ದೇವಸ್ಥಾನದಲ್ಲಿ ತಾಳಿ, ಮಧ್ಯಾಹ್ನ ಮೂರಕ್ಕೆ ಇಲ್ಲಿ ಆರಾಮವಾಗಿ ಟೀ, ಬಜ್ಜಿ, ವಡೆ, ಕೇಕು, ಅಷ್ಟೆ ಎಂದಳು. ಅಕ್ಕನ ಮದುವೆಯಲ್ಲಿ ಮಿಕ್ಕು ಗುಂಡಿಗೆ ಸುರಿದ ಅನ್ನವನ್ನು ಅವಳಿನ್ನೂ ಮರೆತಿರಲಿಲ್ಲ. ಅವಳು ವೇದಿಕೆ ನೋಡಲು ಹೋದದ್ದೇ ತಡ, ಅವಳಪ್ಪ ನನ್ನ ಪಕ್ಕಕ್ಕೆ ಬಂದರು.

"ಬೀಗ್ರು ರಾವಂದೂರ್ ಕಡೆಯೋರು. ಬರೀ ಟೀ ಕುಡ್ಸಿ ಕಳ್ಸುದ್ರೆ ನನ್ ಮಗ್ಳು ಸಾಯೋಗಂಟ ಆ ಮಾತು ಕೇಳ್ಬೇಕಾಯ್ತದೆ ಕಣ್ರೀ" ಎಂದರು.

ಹಾಗಾದರೆ ಊಟದ ಮನೆಯನ್ನೂ ತೆಗೆದಿಡಲೇ ಎಂದು ಕೇಳಿದೆ. ಅಷ್ಟರಲ್ಲಿ ಮಗಳು ಬೆನ್ನ ಹಿಂದೆಯೇ ನಿಂತಿದ್ದಳು. ಅದಕ್ಕೆ ಬೀಗ ಹಾಕಿ, ಕೀ ನಿಮ್ಮ ಜೇಬಲ್ಲಿರಲಿ, ಅಪ್ಪ ಕೇಳಿದರೂ ಕೊಡಬೇಡಿ ಎಂದಳು. ಕ್ಲಾಸಿನಲ್ಲಿ ಮೊಬೈಲು ಕಿತ್ತಿಟ್ಟುಕೊಳ್ಳುವ ದನಿ ಅದು. ಐವತ್ತೈದು ದಾಟಿದ ನಾನು "ಆಯ್ತು ಮಿಸ್" ಎಂದುಬಿಟ್ಟೆ.

೨. ಬೆರೆಯುವುದು

ಮದುವೆಯ ದಿನ ಮದುಮಗಳ ಗೆಳತಿಯೊಬ್ಬಳು ಮೈಕು ಹಿಡಿದು, ಎಲ್ಲರೂ ಓಡಾಡಿ, ಗುರುತಿಲ್ಲದವರನ್ನು ಮಾತಾಡಿಸಿ, ಬೆರೆಯಿರಿ ಎಂದು ಕೇಳಿಕೊಂಡಳು. ಗಂಡಸರು ಎಡಗಡೆ, ಹೆಂಗಸರು ಬಲಗಡೆ, ಬಸ್ಸಿನಲ್ಲಿ ಕೂತ ಹಾಗೆ ಮುಂದಕ್ಕೇ ನೋಡುತ್ತಿದ್ದರು. ಅವಳು ಮತ್ತೆ ಮತ್ತೆ ಕೇಳಿಕೊಂಡ ಮೇಲೆ ಮದುಮಗಳ ಸೋದರತ್ತೆ, ಕಟ್ಟೆಮಳಲವಾಡಿಯಿಂದ ಬಂದಿದ್ದವರು, ಎದ್ದರು. ಗೆಳತಿ ಚಪ್ಪಾಳೆ ತಟ್ಟಿದಳು. ಸೋದರತ್ತೆ ನೇರವಾಗಿ ಹೋಗಿ ಫ್ಯಾನಿನ ಕೆಳಗಿದ್ದ ಖಾಲಿ ಕುರ್ಚಿಯಲ್ಲಿ ಕೂತರು.

೩. ಟೀ ಆದಮೇಲೆ

ಗಂಡಿನ ದೊಡ್ಡಪ್ಪ ಮಧ್ಯಾಹ್ನದ ಮುದ್ದೆ ಬಿಟ್ಟು ಬಂದಿದ್ದರು. ಎರಡು ಲೋಟ ಟೀ ಮುಗಿಸಿ, ಎಲೆ ಯಾವಾಗ ಹಾಕುತ್ತೀರಿ ಎಂದು ನನ್ನನ್ನು ಕೇಳಿದರು. ಇಷ್ಟೇ ಯಜಮಾನರೇ ಎಂದೆ. ಅವರು ನಂಬಲೇ ಇಲ್ಲ.

"ಬಂದೋರ್ಗೆ ಟೀ ಕೊಡೋದು ಎಲ್ಲಾ ಕಡೆ ಇದ್ದುದ್ದೇ. ಊಟ ಎಷ್ಟೊತ್ಗೆ, ಅದ್ನೇಳಿ."

ಪಕ್ಕದಲ್ಲಿದ್ದ ಸೋದರತ್ತೆ ಬ್ಯಾಗಿನೊಳಗಿನ ಸ್ಟೀಲ್ ಡಬ್ಬಿಯನ್ನು ಮೆಲ್ಲಗೆ ತೋರಿಸಿದರು. ಮನೆಯಲ್ಲಿ ಮಲಗಿರುವ ಅತ್ತೆಗೆ ಮಟನ್ ಸಾರು ತರುತ್ತೇನೆಂದು ಹೇಳಿ ಬಂದಿದ್ದರಂತೆ. ಮಟನ್ನೂ ಇಲ್ಲ, ಸಾರೂ ಇಲ್ಲ ಎಂದು ಬಿಡಿಸಿ ಹೇಳಿದೆ. ಪರವಾಗಿಲ್ಲ, ಬೇಯುವವರೆಗೂ ಕಾಯುತ್ತೇನೆ ಎಂದರು.

೪. ಬಾಗಿಲು

ದೊಡ್ಡಪ್ಪ ಹೋಗಿ ಬೀಗ ಹಾಕಿದ ಊಟದ ಮನೆಯ ಮುಂದೆ ನಿಂತರು. ನಮ್ಮ ಕಡೆ ಆ ಬಾಗಿಲಲ್ಲಿ ಒಬ್ಬರು ನಿಂತರೆ ಇನ್ನೊಬ್ಬರು ಯಾಕೆಂದು ಕೇಳುವುದಿಲ್ಲ, ಹಿಂದೆ ನಿಲ್ಲುತ್ತಾರೆ. ನೋಡನೋಡುತ್ತಿದ್ದಂತೆ ಸಾಲು ಗೇಟು ಮುಟ್ಟಿತು. ವೇದಿಕೆಯ ಮುಂದೆ ಉಳಿದವರು ಫೋಟೋದವನು ಮತ್ತು ಮದುಮಕ್ಕಳು. ಒಬ್ಬರು ಮಸಾಲೆ ವಾಸನೆ ಬರುತ್ತಿದೆ ಎಂದರು. ಟೀ, ಬಜ್ಜಿ, ವಡೆ ಎಲ್ಲ ಹೊರಗಿನಿಂದ ಬಂದಿದ್ದವು; ಅಡುಗೆಮನೆಯ ಒಲೆ ಹಚ್ಚಿ ವಾರವಾಗಿತ್ತು.

ಹುಡುಗಿಯ ಅಪ್ಪ ಕಂಬಕ್ಕೆ ಒರಗಿ ಬೆವರು ಒರೆಸಿಕೊಳ್ಳುತ್ತಿದ್ದರು. ಮದುಮಗಳು ಸೀರೆ ಎತ್ತಿ ಹಿಡಿದು ಬಂದು, ಬಾಗಿಲು ತೆಗೆಯಿರಿ ಸರ್, ಒಳಗೇನೂ ಇಲ್ಲ ಅಂತ ಕಣ್ಣಾರೆ ನೋಡಲಿ ಎಂದಳು.

ತೆಗೆದೆ. ಯಾರೂ ಏನನ್ನೂ ನೋಡಲಿಲ್ಲ. ನುಗ್ಗಿದರು, ಕೂತರು. ಕುರ್ಚಿ ಸಿಗದವರು ಕೂತವರ ಬೆನ್ನಿಗೆ ನಿಂತು, ಎರಡನೇ ಪಂಕ್ತಿಗೆ ಜಾಗ ಹಿಡಿದರು. ಖಾಲಿ ಟೇಬಲ್ಲಿನ ಮುಂದೆ ಗಂಭೀರವಾಗಿ ಕಾಯತೊಡಗಿದರು.

ಮದುಮಗಳು ಒಂದು ಗಳಿಗೆ ಅಪ್ಪನ ಮುಖ ನೋಡಿದಳು. ಆಮೇಲೆ ಮೂಲೆಯಲ್ಲಿ ಮರುದಿನದ ಮದುವೆಗೆಂದು ಇಳಿಸಿದ್ದ ಬಾಳೆ ಎಲೆಯ ಕಟ್ಟು ಬಿಚ್ಚಿ, ಸೆರಗು ಸಿಕ್ಕಿಸಿ, ತಾನೇ ಹಾಸುತ್ತ ಹೋದಳು. ತುದಿಗೆ ಉಪ್ಪು, ಪಕ್ಕದಲ್ಲಿ ಚಟ್ನಿ, ಮೇಲೆ ಕೇಕು, ನಡುವೆ ಆಗಲೇ ಅವರೆಲ್ಲ ತಿಂದಿದ್ದ ಅದೇ ಬಜ್ಜಿ, ಅದೇ ವಡೆ. ಜನ ಎಲೆಗೆ ನೀರು ಚಿಮುಕಿಸಿದರು, ತಲೆ ತಗ್ಗಿಸಿ ಉಂಡರು, ಪಂಕ್ತಿ ಮುಗಿಯುವವರೆಗೂ ಕಾದು, ಎಲೆ ಮಡಚಿ, ಕೈ ತೊಳೆದು ಎದ್ದರು. ಸೋದರತ್ತೆಯ ಡಬ್ಬಿಗೆ ವಡೆ ತುಂಬಿತು.

ಗೇಟಿನಲ್ಲಿ ಕೈ ಮುಗಿದು ನಿಂತಿದ್ದ ಅಪ್ಪನ ಮುಂದೆ ದೊಡ್ಡಪ್ಪ ಬಂದು ನಿಂತರು. ಬೈಗುಳ ಕೇಳಲು ತಯಾರಾಗಿ ಅಪ್ಪ ಕಣ್ಣು ಮುಚ್ಚಿಕೊಂಡದ್ದನ್ನು ನಾನು ನೋಡಿದೆ. ದೊಡ್ಡಪ್ಪ ಒಂದು ತೇಗು ತೇಗಿದರು.

"ಊಟ ಭರ್ಜರಿ ಬುಡಿ, ಬೀಗ್ರೇ. ಮದ್ಲೇ ಆ ಟೀ ಒಂದ್ ಕೊಡ್ದೆ ಇದ್ದಿದ್ರೆ ಇನ್ನೂ ಚೆಂದಾಗಿ ಉಣ್ತಿದ್ದೋ."