ಕಂಟಿನ್ಯುಟಿಗಾಗಿ ಮುಡಿದ ಹೂವು

ಪ್ರಣತಿ, ತೇಜು, ನಿಮ್ಮಜ್ಜಿ ನಾಲ್ಕು ಜನರ ಮುಂದೆ ಬಾಯಿ ಬಿಡುವವಳಲ್ಲ ಎಂದು ನಿಮಗೆ ಗೊತ್ತು. ನೆಂಟರು ಬಂದರೆ ಕಾಫಿ ಲೋಟ ಇಟ್ಟು, ಅಡುಗೆಮನೆಯ ಬಾಗಿಲ ಹಿಂದೆ ನಿಂತು ಮಾತು ಕೇಳಿಸಿಕೊಳ್ಳುವ ಪೈಕಿ ನಾನು. ಆದರೆ ಟಿವಿ ಮುಂದೆ ಕೂತರೆ ನನ್ನಷ್ಟು ಬಾಯಿ ಈ ಊರಿನಲ್ಲಿ ಯಾರಿಗೂ ಇಲ್ಲ. ಅದರೊಳಗಿನವರು ತಿರುಗಿ ಮಾತಾಡುವುದಿಲ್ಲವಲ್ಲ, ಅದೇ ಧೈರ್ಯ.

ಸೀರಿಯಲ್ಲಿನವರ ಮೇಲೆ ನನ್ನ ದೂರು ಒಂದೇ ಎರಡೇ! ಏಳು ಗಂಟೆಯ ಸೀರಿಯಲ್ಲಿನ ಸೊಸೆ ಬಸುರಿಯಾದಾಗ ನಮ್ಮ ಮನೆಯ ರೇಷ್ಮೆ ಹುಳುಗಳು ಇನ್ನೂ ಎಳೆಯವು, ಸಾಸಿವೆ ಕಾಳಿನಷ್ಟು. ಅವು ಸೊಪ್ಪು ತಿಂದು ದಪ್ಪವಾಗಿ, ಗೂಡು ಕಟ್ಟಿ, ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗಿ, ಮತ್ತೆ ಮೊಟ್ಟೆ ತಂದು, ಹೀಗೆ ಬೆಳೆಯ ಮೇಲೆ ಬೆಳೆ ತೆಗೆದು ಒಂದು ವರ್ಷವೇ ಕಳೆಯಿತು. ಅವಳಿಗೆ ಮಾತ್ರ ಹೆರಿಗೆಯಾಗಲಿಲ್ಲ. ಸಾಲದ್ದಕ್ಕೆ ಕೋಣೆಯಲ್ಲಿ ಅಳುವಾಗ ಹಸಿರು ಬಳೆ, ಹಜಾರಕ್ಕೆ ಬಂದು ಅಳುವಾಗ ಕೆಂಪು ಬಳೆ. ಅಳುತ್ತಿರುವವಳು ಹೊಸ್ತಿಲು ದಾಟುವಷ್ಟರಲ್ಲಿ ಬಳೆ ಬದಲಾಯಿಸುತ್ತಾಳೆಯೇ? ಇದಕ್ಕೆ ಕಂಟಿನ್ಯುಟಿ ತಪ್ಪುವುದು ಎನ್ನುತ್ತಾರೆ ಎಂದು ಹೇಳಿಕೊಟ್ಟವಳು ನೀನೇ ಪ್ರಣತಿ. ಅವತ್ತಿನಿಂದ ನನ್ನ ಬೈಗುಳಕ್ಕೆ ಒಂದು ಗೌರವ ಬಂತು.

ಹಾಡಿನ ಸ್ಪರ್ಧೆಯದೂ ಇದೇ ಪಾಡು. ಹುಡುಗ ಎರಡು ಸಾಲು ಹಾಡುತ್ತಾನೆ. ಅವನ ತಾಯಿ ಅಳುತ್ತಾಳೆ, ಜಡ್ಜು ಅಳುತ್ತಾರೆ, ತಬಲಾದವನೂ ಕಣ್ಣೊರೆಸಿಕೊಳ್ಳುತ್ತಾನೆ. ಯಾರು ಹೊರಗೆ ಹೋಗುತ್ತಾರೆಂದು ಹೇಳುವ ಮೊದಲು ಢಣ್ ಢಣ್ ಎಂದು ಬಾರಿಸಿ, ಎಲ್ಲರ ಮುಖವನ್ನೂ ಒಂದು ಸುತ್ತು ತೋರಿಸಿ, ಸೋಪು ಮಾರಲು ಹೋಗಿಬಿಡುತ್ತಾರೆ. ಅಷ್ಟರಲ್ಲಿ ನಾನು ಮುದ್ದೆ ತೊಳಸಿ ಬಂದಿರುತ್ತೇನೆ. ಬೈಯುತ್ತೇನೆ ನಿಜ, ಆದರೆ ಒಂದು ದಿನವೂ ತಪ್ಪಿಸುವುದಿಲ್ಲ.

ಹೋದ ಚಳಿಗಾಲದಲ್ಲಿ ನಮ್ಮೂರಿನ ದೊಡ್ಡ ತೊಟ್ಟಿಮನೆಗೆ ಅದೇ ಏಳು ಗಂಟೆಯವರು ಮದುವೆ ಸೀನು ತೆಗೆಯಲು ಬಂದರು. ಮದುವೆಗೆ ಬಂದ ಹೆಂಗಸರಾಗಿ ಕೂರಲು ಊರಿನವರೇ ಬೇಕಂತೆ. ಪಕ್ಕದ ಮನೆ ಸಾಕಮ್ಮ ನನ್ನನ್ನೂ ಎಳೆದುಕೊಂಡು ಹೋದಳು. ನಾನು ಕಂಬದ ಮರೆ ಹುಡುಕಿ ಕೂತೆ. ಸಿಂಧು ಎಂಬ ಹುಡುಗಿ ಎಲ್ಲರ ಸೀರೆ, ಬಳೆ ಫೋನಿನಲ್ಲಿ ಫೋಟೋ ಹಿಡಿದುಕೊಳ್ಳುತ್ತ, ಸಾಲಾಗಿ ಮಲ್ಲಿಗೆ ಮುಡಿಸುತ್ತ ಬಂದಳು.

ನಿಮ್ಮ ತಾತ ಹೋದಮೇಲೆ ನಾನು ಹೂ ಮುಡಿದವಳಲ್ಲ. ಬೇಡ ಎಂದು ಯಾರೂ ಹೇಳಲಿಲ್ಲ, ಮುಡಿ ಎಂದೂ ಯಾರೂ ಹೇಳಲಿಲ್ಲ. "ಬೇಡ ಮಗಾ" ಎಂಬ ಮಾತು ಗಂಟಲಿನಿಂದ ನಾಲಿಗೆಗೆ ಬರುವಷ್ಟರಲ್ಲಿ ಆ ಹುಡುಗಿ ನನಗೆ ಮುಡಿಸಿ ಮುಂದಿನ ತಲೆಗೆ ಹೋಗಿದ್ದಳು. ಸಂಜೆಯವರೆಗೆ ಕತ್ತು ಅಲುಗಿಸದೆ ಕೂತಿದ್ದೆ. ವಾಪಸು ಬರುವಾಗ ಸಾಕಮ್ಮ ಬೀದಿಗೆಲ್ಲ ಕೇಳುವ ಹಾಗೆ, "ಏನ್ ನಿಂಗಕ್ಕ, ಮದ್ವೆ ಹೆಣ್ಣು ಅವ್ಳೋ, ನೀನೋ?" ಎಂದಳು. ನಾಚಿಕೆಯಿಂದ ಹೂವು ಕಿತ್ತು ತುಳಸಿಕಟ್ಟೆಯ ಮೇಲಿಟ್ಟೆ.

ಮಾರನೆಯ ದಿನ ಅದೇ ಸೀನು ಮುಂದುವರಿಯಬೇಕಿತ್ತು. ಅದೇ ಸೀರೆ ಉಟ್ಟು, ಬರಿ ತುರುಬಿನಲ್ಲಿ ಹೋದೆ. ಸಿಂಧು ಫೋನು ನೋಡಿದಳು, ನನ್ನನ್ನು ನೋಡಿದಳು.

"ಅಜ್ಜೀ, ಹೂವೆಲ್ಲಿ? ಕಂಟಿನ್ಯುಟಿ ಹೋಯ್ತಲ್ಲ! ಡೈರೆಕ್ಟರು ನನ್ನನ್ನ ಈಗಲೇ ಬಸ್ಸು ಹತ್ತಿಸ್ತಾರೆ."

"ನಾನು ಮುಡಿಯಾಕಿಲ್ಲ ಕಣವ್ವ. ನಮ್ಮ ಯಜಮಾನ್ರು ಇಲ್ಲ."

ಹುಡುಗಿ ಫೋನು ಕೆಳಗಿಳಿಸಿದಳು. ಆಮೇಲೆ, "ಹಾಗಾದ್ರೆ ಬೇಡ ಅಜ್ಜಿ. ಹೇಗೋ ಬೈಸ್ಕೋತೀನಿ ಬಿಡಿ" ಎಂದಳು.

ಬಲವಂತ ಮಾಡಿದ್ದರೆ ಒಲ್ಲೆ ಎನ್ನಬಹುದಿತ್ತು. ಬೇಡ ಎಂದುಬಿಟ್ಟಳಲ್ಲ! ಬಳೆಗಾಗಿ ವರ್ಷವೆಲ್ಲ ಬೈದವಳು ನಾನು. ಈಗ ನನ್ನ ತುರುಬಿನಿಂದ ಒಂದು ಮಗುವಿನ ಕೆಲಸ ಹೋಗುವುದೇ? ಒಂದು ಕಡೆ ಆ ಮುಖ, ಇನ್ನೊಂದು ಕಡೆ ಸಾಕಮ್ಮನ ಬಾಯಿ. ಅವಳು ತಂದಿದ್ದ ಮಲ್ಲಿಗೆಯೂ ಆಗಲೇ ಬೇರೆಯವರ ತುರುಬು ಸೇರಿತ್ತು. "ಒಸಿ ತಡಿ, ಬಂದೆ" ಎಂದು ಮನೆಗೆ ಓಡಿದೆ. ಒಳಗೆ ದೇವರಿಗೆಂದು ತಂದ ಮಲ್ಲಿಗೆ ಒಂದು ಮೊಳ ಇತ್ತು. ಹಿತ್ತಿಲಲ್ಲಿ ಕನಕಾಂಬರ ಬಿಟ್ಟಿತ್ತು. ನಿಮ್ಮ ತಾತ ಗೂಡು ಮಾರಿ ಬರುವಾಗ ತರುತ್ತಿದ್ದುದು ಕನಕಾಂಬರವೇ. ಬಸ್ಸಿನಲ್ಲಿ ಹೂವು ಹಿಡಿದುಕೊಳ್ಳಲು ಅವರಿಗೆ ನಾಚಿಕೆ, ಅಂಗಿ ಜೇಬಿಗೆ ತುರುಕಿ ತರುತ್ತಿದ್ದರು, ಅರ್ಧ ಬಾಡಿರುತ್ತಿತ್ತು. ಅದನ್ನೇ ಕೊಯ್ದು ಬಾಳೆನಾರಿನಲ್ಲಿ ಬೇಗಬೇಗ ಕಟ್ಟಿ ಮುಡಿದೆ. ಕನ್ನಡಿಯನ್ನೂ ನೋಡಿಕೊಂಡೆ, ಇಷ್ಟು ಬರೆದಮೇಲೆ ಅದನ್ನೇಕೆ ಮುಚ್ಚಿಡಲಿ.

"ಅಯ್ಯೋ, ಇವತ್ತೂ ಮುಡ್ಕಂಡ್ ಬಂದವ್ಳೆ!" ಎಂದಳು ಸಾಕಮ್ಮ.

"ಕಂಟಿನ್ಯುಟಿ ಕಣೇ" ಎಂದೆ.

"ಹಂಗಂದ್ರೆ?"

"ನೆನ್ನೆ ಇದ್ದದ್ದು ಇವತ್ತೂ ಇರ್ಬೇಕು. ಇಲ್ದಿದ್ರೆ ಕತೆ ಕೆಟ್ಟೋಯ್ತದೆ."

ಸಾಕಮ್ಮ ಯೋಚಿಸಿದಳು. "ಸರಿ ಬುಡು. ಒಸಿ ಅತ್ಲಾಗೆ ಜರುಗು, ನಿನ್ ಹೂವ ನನ್ ಮೊಕಕ್ಕೆ ಅಡ್ಡ ಬತ್ತೈತೆ."

ಸಿಂಧು ದೂರದಿಂದಲೇ ಹೂವಿದೆ ಎಂದು ನೋಡಿ, ಹೆಬ್ಬೆರಳು ಎತ್ತಿ, ಬೇರೆ ಯಾರದೋ ಬಳೆ ಎಣಿಸಲು ಓಡಿದಳು.

ಟಿವಿಯಲ್ಲಿ ಬಂದ ದಿನ ಬೀದಿಯೆಲ್ಲ ನಮ್ಮ ಹಜಾರದಲ್ಲಿತ್ತು. ನಾನು ಬಾಗಿಲ ಹಿಂದೆ. ಕೊನೆಗೆ ಕಂಡದ್ದು ನನ್ನ ಮುಖವಲ್ಲ, ಹಿಂದಲೆ. "ನಿಂಗಕ್ಕನ ತುರುಬು! ನಿಂಗಕ್ಕನ ತುರುಬು!" ಎಂದು ಸಾಕಮ್ಮನೇ ಎಲ್ಲರಿಗಿಂತ ಜೋರಾಗಿ ಕೂಗಿದಳು. ಮದುವೆ ಗಂಡು ತಾಳಿ ಎತ್ತಿದಾಗ ಆ ತುರುಬಿನಲ್ಲಿ ಬಿಳಿ ಮಲ್ಲಿಗೆ. ತಾಳಿ ಕೊರಳಿಗೆ ಬೀಳುವಷ್ಟರಲ್ಲಿ ಕೆಂಡದಂಥ ಕನಕಾಂಬರ! ಹಜಾರದಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ನನಗೊಬ್ಬಳಿಗೇ. ಮಾಗಡಿ ಕಡೆಯೋ ಕನಕಪುರದ ಕಡೆಯೋ ನನ್ನಂಥವಳೊಬ್ಬಳು ಮೊರದಲ್ಲಿ ರಾಗಿ ಇಟ್ಟುಕೊಂಡು, "ಆ ಮುದುಕಿಗೆ ಒಸಿ ಆದ್ರೂ ಬುದ್ಧಿ ಬ್ಯಾಡ್ವಾ" ಎಂದು ಬೈದೇ ಇರುತ್ತಾಳೆ. ಬೈದಿದ್ದರೆ ಸರಿಯಾಗಿಯೇ ಬೈದಿದ್ದಾಳೆ. ಮಲ್ಲಿಗೆ ಕಣ್ಣ ಮುಂದೆ ಇತ್ತು, ನಾನು ನೋಡಿಯೇ ಬಿಟ್ಟು ಬಂದವಳು.

ಮಕ್ಕಳೇ, ಈ ಹಾಳೆಗಳನ್ನು ಹರಿಯದ ಹಾಗೆ ಎಲ್ಲಾದರೂ ಎತ್ತಿಡಿ. ನಿಮ್ಮಜ್ಜಿ ಸೀರಿಯಲ್ಲಿನಲ್ಲಿ ಇದ್ದಳು ಎಂದರೆ ನಾಳೆ ಯಾರೂ ನಂಬುವುದಿಲ್ಲ, ಬರಿ ಹಿಂದಲೆ ನೋಡಿ ಯಾರು ತಾನೇ ಗುರುತು ಹಿಡಿಯುತ್ತಾರೆ?